ಹದಿನಾಲ್ಕು ಜಲಾಶಯಗಳ ಡ್ಯಾಶ್‌ಬೋರ್ಡ್: ನೋಡುವವರು ಕೈಯಾಡಿಸುವಂತೆ ಮಾಡುವುದು ಹೇಗೆ?

ಪ್ರಶ್ನೆ: ನೀರಗಂಟಿ

ಎಲ್ಲರಿಗೂ ನಮಸ್ಕಾರ. ಮಂಡ್ಯ, ಗಂಗಾವತಿ ಮತ್ತು ವಿಜಯಪುರ ಕಡೆಯ ಕೆಲವು ರೈತ ಉತ್ಪಾದಕ ಕಂಪನಿಗಳಿಗೆ ಬಿತ್ತನೆ ಬೀಜದ ಯೋಜನೆ ಮಾಡಿಕೊಡುವ ಸಣ್ಣ ಸಂಸ್ಥೆಯೊಂದರಲ್ಲಿ ನಾನು ದತ್ತಾಂಶದ ಕೆಲಸ ನೋಡಿಕೊಳ್ಳುತ್ತೇನೆ. ನಾಲೆಗೆ ನೀರು ಬರುತ್ತದೆಯೇ, ಬಂದರೆ ಯಾವಾಗ, ಭತ್ತದ ಬೀಜ ಎಷ್ಟು ತರಿಸಬೇಕು ಎಂಬುದೆಲ್ಲ ಜಲಾಶಯದ ಮೇಲೆಯೇ ನಿಂತಿರುವುದರಿಂದ, ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ದಿನಂಪ್ರತಿ ಪ್ರಕಟಿಸುವ ಅಂಕಿಗಳನ್ನು ಸಂಗ್ರಹಿಸಿ ಅಂಕಿಗಳನ್ನು ಚಿತ್ರಗಳಾಗಿ ತೋರಿಸುವ ಪವರ್ ಬಿಐ ಎಂಬ ತಂತ್ರಾಂಶದಲ್ಲಿ ಒಂದು ಡ್ಯಾಶ್‌ಬೋರ್ಡ್ ಮಾಡಿದ್ದೇನೆ. ಲಿಂಗನಮಕ್ಕಿಯಿಂದ ವಾಣಿವಿಲಾಸ ಸಾಗರದವರೆಗೆ ಹದಿನಾಲ್ಕು ಜಲಾಶಯಗಳು, ಪ್ರತಿಯೊಂದಕ್ಕೂ ನೀರಿನ ಮಟ್ಟ, ಸಂಗ್ರಹ, ಒಳಹರಿವು ಮತ್ತು ಹೊರಹರಿವು, ಹತ್ತು ವರ್ಷಗಳ ದಿನವಹಿ ಮಾಹಿತಿ ಅದರಲ್ಲಿದೆ.

ಮೊದಲ ಆವೃತ್ತಿ ಬರೀ ಕೋಷ್ಟಕದಂತೆ ಇತ್ತು. "ಕಣ್ಣಿಗೆ ಹಿಡಿಸುವಂತೆ ಮಾಡಿ" ಎಂದು ಮೇಲಿನವರು ಹೇಳಿದ ಮೇಲೆ ಹದಿನಾಲ್ಕು ಗೇಜ್‌ಗಳನ್ನು, ಅಂದರೆ ಬೈಕಿನ ಸ್ಪೀಡೋಮೀಟರಿನಂತೆ ಮುಳ್ಳು ಓಡುವ ಅರ್ಧವೃತ್ತಗಳನ್ನು ಇಟ್ಟೆ. ಹಸಿರು, ಹಳದಿ, ಕೆಂಪು ಬಣ್ಣ ಕೊಟ್ಟೆ. ಎಡಬದಿಯಲ್ಲಿ ಜಲಾಶಯ, ವರ್ಷ, ತಿಂಗಳು, ಕಣಿವೆ, ಜಿಲ್ಲೆ ಎಂದು ಐದು ಸ್ಲೈಸರ್‌ಗಳನ್ನು, ಅಂದರೆ ಬೇಕಾದ್ದನ್ನಷ್ಟೇ ಆರಿಸಿ ಸೋಸುವ ಪಟ್ಟಿಗಳನ್ನು ಇಟ್ಟೆ. ಸಭೆಯಲ್ಲಿ ಎಲ್ಲರೂ ಚೆನ್ನಾಗಿದೆ ಎಂದರು. ಆದರೆ ಎರಡು ವಾರ ಕಳೆದು ಬಳಕೆಯ ವರದಿ ತೆಗೆದು ನೋಡಿದರೆ, ಎರಡನೆಯ ಪುಟವನ್ನು ನನ್ನ ಹೊರತು ಯಾರೂ ತೆರೆದೇ ಇರಲಿಲ್ಲ. ಈಗಲೂ ಬೆಳಗಾದರೆ ಫೋನ್ ಮಾಡಿ, "ಕೆಆರ್‌ಎಸ್ ಎಷ್ಟಾಯಿತು?" ಎಂದು ನನ್ನನ್ನೇ ಕೇಳುತ್ತಾರೆ.

ಡ್ಯಾಶ್‌ಬೋರ್ಡನ್ನು ಹೆಚ್ಚು ಸಂವಾದಾತ್ಮಕವಾಗಿ, ನೋಡಲೂ ಆಕರ್ಷಕವಾಗಿ ಮಾಡುವುದಕ್ಕೆ ಇನ್ನೇನು ಸೇರಿಸಬೇಕು? ಅನಿಮೇಷನ್ ಹಾಕಿದರೆ ಉಪಯೋಗವಾದೀತೇ? ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಉತ್ತರ 1: ಅಂಕಿಗನ್ನಡಿ

ಸೇರಿಸುವ ವಿಚಾರಕ್ಕೆ ಹೋಗುವ ಮುಂಚೆ ತೆಗೆಯಬೇಕಾದದ್ದನ್ನು ಹೇಳಿಬಿಡುತ್ತೇನೆ, ಬೇಸರಿಸಬೇಡಿ. ನಿಮ್ಮ ಗೇಜ್‌ಗಳು ಆಕರ್ಷಕವಾಗಿ ಇಲ್ಲದಿರುವುದು ದೊಡ್ಡ ತೊಂದರೆಯಲ್ಲ. ಅವು ತಪ್ಪು ಹೇಳುತ್ತಿರುವ ಸಾಧ್ಯತೆಯೇ ಹೆಚ್ಚು.

ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಮಟ್ಟ 100 ಅಡಿಯಿದ್ದಾಗ ಮುಳ್ಳು ಐದರಲ್ಲಿ ನಾಲ್ಕು ಭಾಗ ದಾಟಿ ನಿಂತಿರುತ್ತದೆ, ನೋಡಿದವರು ಇನ್ನೇನು ತುಂಬಿತು ಎಂದುಕೊಳ್ಳುತ್ತಾರೆ. ಆದರೆ ಕಣಿವೆ ಮೇಲೆ ಹೋದಂತೆ ಅಗಲವಾಗುವುದರಿಂದ ಕೊನೆಯ ಇಪ್ಪತ್ತೈದು ಅಡಿಯಲ್ಲೇ ಅರ್ಧಕ್ಕಿಂತ ಹೆಚ್ಚು ನೀರು ಹಿಡಿಯುತ್ತದೆ. 100 ಅಡಿಯಲ್ಲಿ ಒಟ್ಟು 49.45 ಟಿಎಂಸಿ ಸಾಮರ್ಥ್ಯದ ಅರ್ಧವೂ ಇರುವುದಿಲ್ಲ. ಕಬಿನಿಯದು ಇನ್ನೂ ವಿಚಿತ್ರ. ಅದರ 2284 ಅಡಿ ಎಂಬುದು ಸಮುದ್ರಮಟ್ಟದಿಂದ ಎಣಿಸಿದ ಎತ್ತರ. ಗೇಜನ್ನು ಸೊನ್ನೆಯಿಂದ ಆರಂಭಿಸಿದ್ದರೆ ಜಲಾಶಯ ಬತ್ತಿ ಬಿರುಕು ಬಿಟ್ಟಾಗಲೂ ಮುಳ್ಳು ಭರ್ತಿಯ ಹತ್ತಿರವೇ ಇರುತ್ತದೆ. ಆಲಮಟ್ಟಿಯದ್ದು 519.60 ಮೀಟರ್, ಅಡಿಯೇ ಅಲ್ಲ. ಈ ಮೂರನ್ನೂ ಒಂದೇ ಸಾಲಿನಲ್ಲಿ ಒಂದೇ ಆಕಾರದಲ್ಲಿ ಇಟ್ಟರೆ ಹೋಲಿಸಿ ನೋಡಿ ಎಂದು ಕಣ್ಣಿಗೆ ಹೇಳಿದಂತಾಗುತ್ತದೆ, ಹೋಲಿಸಿದರೆ ಸಿಗುವುದು ಸುಳ್ಳು.

ಆದ್ದರಿಂದ ಮಟ್ಟವನ್ನು ಬರೀ ಅಂಕಿಯಾಗಿ ಪಕ್ಕದಲ್ಲಿ ಬರೆಯಿರಿ. ಮಟ್ಟದ ಅಂಕಿ ಮಂಡ್ಯದವರಿಗೆ ಬಾಯಿಪಾಠ, ಅದನ್ನು ತೆಗೆದರೆ ಜಗಳಕ್ಕೆ ಬರುತ್ತಾರೆ. ಚಿತ್ರವಾಗಿ ಮಾತ್ರ ಸಂಗ್ರಹದ ಶೇಕಡಾವಾರನ್ನು ತೋರಿಸಿ. ಅದೂ ಅರ್ಧವೃತ್ತದಲ್ಲಿ ಬೇಡ. ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1984ರಲ್ಲೇ ಪ್ರಯೋಗ ಮಾಡಿ ತೋರಿಸಿದಂತೆ, ಒಂದೇ ಅಳತೆಗೆರೆಯ ಮೇಲಿನ ಸ್ಥಾನವನ್ನು ನಮ್ಮ ಕಣ್ಣು ಕೋನಕ್ಕಿಂತ ಬಹಳ ನಿಖರವಾಗಿ ಓದುತ್ತದೆ. ಹದಿನಾಲ್ಕು ಅಡ್ಡಪಟ್ಟಿಗಳು, ಎಲ್ಲವೂ ಎಡದ ಒಂದೇ ಗೆರೆಯಿಂದ ಹೊರಟು, ಪ್ರತಿಯೊಂದರ ಮೇಲೆ ಕಳೆದ ವರ್ಷ ಇದೇ ದಿನ ಎಷ್ಟಿತ್ತು ಎಂಬುದಕ್ಕೆ ಒಂದು ಸಣ್ಣ ಕಡ್ಡಿ. ಇಷ್ಟಾದರೆ ಗೇಜ್‌ಗಳು ತುಂಬಿದ್ದ ಪುಟದ ಕಾಲುಭಾಗದಲ್ಲಿ ಅದಕ್ಕಿಂತ ಹೆಚ್ಚು ಸಂಗತಿ ಕೂರುತ್ತದೆ.

ಇನ್ನು ಸಂವಾದದ ವಿಷಯ. ನಿಮಗೆ ಬೆಳಗ್ಗೆ ಬರುವ ಆ ಫೋನ್ ಕರೆಯೇ ನಿಮ್ಮ ವಿನ್ಯಾಸದ ನಕ್ಷೆ. "ಎಷ್ಟಾಯಿತು?" ಎಂದು ಕೇಳಿದವರು ಉತ್ತರ ಸಿಕ್ಕ ಮೇಲೆ ಮುಂದಿನ ಪ್ರಶ್ನೆ ಏನು ಕೇಳುತ್ತಾರೆ? ನನ್ನ ಅಂದಾಜಿನಲ್ಲಿ, "ಹೋದ ವರ್ಷ ಇಷ್ಟೊತ್ತಿಗೆ ಎಷ್ಟಿತ್ತು?" ಮತ್ತು "ಯಾವಾಗ ತುಂಬುತ್ತೆ?" ಎಂಬ ಎರಡೇ. ನಿಮ್ಮ ಐದು ಸ್ಲೈಸರ್‌ಗಳಲ್ಲಿ ಒಂದೂ ಈ ಎರಡಕ್ಕೆ ನೇರ ಉತ್ತರ ಕೊಡುವುದಿಲ್ಲ.

ಮೊದಲನೆಯದಕ್ಕೆ ರೇಖಾಚಿತ್ರ ಬೇಕು, ಆದರೆ ಅದರ ಅಡ್ಡ ಅಕ್ಷವನ್ನು ಜನವರಿಯಿಂದ ಆರಂಭಿಸಬೇಡಿ. ನೀರಿನ ವರ್ಷ ಜೂನ್ 1ರಿಂದ ಮೇ 31ರವರೆಗೆ. ಕ್ಯಾಲೆಂಡರ್ ವರ್ಷ ಹಿಡಿದರೆ ಮುಂಗಾರಿನಲ್ಲಿ ತುಂಬಿ ಬೇಸಿಗೆಯಲ್ಲಿ ಇಳಿಯುವ ಒಂದೇ ಕಥೆ ಡಿಸೆಂಬರಿನಲ್ಲಿ ತುಂಡಾಗುತ್ತದೆ. ಹಿಂದಿನ ವರ್ಷಗಳೆಲ್ಲ ತೆಳು ಬೂದು ಗೆರೆಗಳಾಗಿರಲಿ, ಈ ವರ್ಷದ್ದು ದಪ್ಪ ನೀಲಿ, 2023ರ ಬರಗಾಲದ್ದು ಮಾತ್ರ ಮಣ್ಣಿನ ಬಣ್ಣ. ಯಾವ ಬೂದು ಗೆರೆಯನ್ನು ಮುಟ್ಟಿದರೂ ಆ ವರ್ಷದ ಹೆಸರು ಕಾಣಬೇಕು. ವರ್ಷಗಳನ್ನು ಒಂದರ ಮೇಲೊಂದು ಕೂರಿಸುವಾಗ "ಜೂನ್ 1ರಿಂದ ಎಷ್ಟನೆಯ ದಿನ" ಎಂದು ಎಣಿಸಿದರೆ ಅಧಿಕ ವರ್ಷದ ಫೆಬ್ರವರಿ 29ರ ನಂತರ ಎಲ್ಲವೂ ಒಂದು ದಿನ ಜರುಗುತ್ತವೆ. ಎಣಿಕೆ ಬಿಟ್ಟು ತಿಂಗಳು ಮತ್ತು ತಾರೀಖನ್ನೇ ಜೋಡಿಸುವ ಕೀಲಿಯಾಗಿ ಬಳಸಿ.

ಎರಡನೆಯದಕ್ಕೆ ಒಂದು ಸ್ಲೈಡರ್ ಸಾಕು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು. ದಿನಕ್ಕೆ 86,400 ಸೆಕೆಂಡು. ಅಲ್ಲಿಗೆ 11,574 ಕ್ಯುಸೆಕ್ ಒಂದು ದಿನ ಪೂರ್ತಿ ಹರಿದರೆ ಒಂದು ಟಿಎಂಸಿ. ಕೆಆರ್‌ಎಸ್‌ನಲ್ಲಿ 30 ಟಿಎಂಸಿ ಇದೆ, ಹೊರಹರಿವು ಕಳೆದು ನಿವ್ವಳ 25,000 ಕ್ಯುಸೆಕ್ ಬರುತ್ತಿದೆ ಎನ್ನೋಣ. ದಿನಕ್ಕೆ 2.16 ಟಿಎಂಸಿ ಸೇರುತ್ತದೆ, ಉಳಿದ 19.45 ಟಿಎಂಸಿಗೆ ಒಂಬತ್ತು ದಿನ. ಪವರ್ ಬಿಐನಲ್ಲಿ ಸಂಖ್ಯಾ ಶ್ರೇಣಿಯ ಪ್ಯಾರಾಮೀಟರ್ ಒಂದನ್ನು ಮಾಡಿ ನಿವ್ವಳ ಒಳಹರಿವನ್ನು ಎಳೆಯುವಂತೆ ಇಟ್ಟರೆ ದಿನಗಳ ಸಂಖ್ಯೆ ಕಣ್ಣೆದುರಿಗೇ ಬದಲಾಗುತ್ತದೆ. ಮಳೆ ಕಡಿಮೆಯಾದರೆ ಏನು ಗತಿ ಎಂಬ ಯೋಚನೆ ಅವರ ತಲೆಯಲ್ಲಿ ಮೊದಲೇ ಇದೆ. ಅದನ್ನು ಬೆರಳಿಗೆ ಸಿಗುವಂತೆ ಮಾಡಿದರೆ ನೀವು ಒತ್ತಾಯಿಸದೆಯೇ ಮುಟ್ಟುತ್ತಾರೆ. ಅನಿಮೇಷನ್ ಬಗ್ಗೆ ಕೇಳಿದ್ದೀರಿ: ಬೇಡ.

ಉತ್ತರ 2: ತುಂಗಾತೀರ

ಅಂಕಿಗನ್ನಡಿಯವರು ಹೇಳಿದ್ದನ್ನು ಒಪ್ಪುತ್ತೇನೆ. ಪವರ್ ಬಿಐ ಒಳಗೆ ನಾನು ಎಡವಿದ ಕೆಲವು ಕಡೆಗಳನ್ನು ಮಾತ್ರ ಸೇರಿಸುತ್ತೇನೆ.

ಒಂದು ಚಿತ್ರದಲ್ಲಿ ಪಟ್ಟಿಯೊಂದನ್ನು ಒತ್ತಿದರೆ ಪುಟದ ಬೇರೆ ಚಿತ್ರಗಳೆಲ್ಲ ತಾವಾಗಿಯೇ ಬದಲಾಗುತ್ತವೆ, ಇದು ಪೂರ್ವನಿಯೋಜಿತ ನಡವಳಿಕೆ. ಇದನ್ನು ಹಾಗೆಯೇ ಬಿಟ್ಟರೆ ಕೆಲವು ಚಿತ್ರಗಳು ಸೋಸಿಕೊಳ್ಳುತ್ತವೆ, ಕೆಲವು ಅರ್ಧ ಮಂಕಾಗಿ ಉಳಿಯುತ್ತವೆ, ನೋಡುವವರಿಗೆ ಏನಾಯಿತು ಎಂದು ತಿಳಿಯುವುದಿಲ್ಲ. ಫಾರ್ಮ್ಯಾಟ್ ಪಟ್ಟಿಯಲ್ಲಿ ಎಡಿಟ್ ಇಂಟರಾಕ್ಷನ್ಸ್ ಎಂಬುದಿದೆ. ಅಲ್ಲಿ ಪ್ರತಿ ಜೋಡಿಗೂ ಸೋಸಬೇಕೇ, ಎತ್ತಿ ತೋರಿಸಬೇಕೇ, ಸುಮ್ಮನಿರಬೇಕೇ ಎಂದು ನೀವೇ ತೀರ್ಮಾನಿಸಿ. ನಿಮ್ಮ ಅಡ್ಡಪಟ್ಟಿಗಳು ರೇಖಾಚಿತ್ರವನ್ನು ಸೋಸಲಿ. ರೇಖಾಚಿತ್ರ ಮಾತ್ರ ಪಟ್ಟಿಗಳನ್ನು ಮುಟ್ಟದಿರಲಿ. ಹೀಗಾದರೆ ಜಲಾಶಯದ ಸ್ಲೈಸರ್ ಬೇಕಾಗುವುದೇ ಇಲ್ಲ, ಪಟ್ಟಿಯೇ ಗುಂಡಿಯಾಗುತ್ತದೆ.

ಡ್ರಿಲ್‌ಥ್ರೂ, ಅಂದರೆ ಚಿತ್ರದ ಒಂದು ಅಂಶದಿಂದ ಅದರ ವಿವರದ ಪುಟಕ್ಕೆ ಹೋಗುವ ದಾರಿ ಇಟ್ಟಿದ್ದರೆ, ಅದಕ್ಕೆ ಮೌಸಿನ ಬಲಗಡೆಯ ಗುಂಡಿ ಒತ್ತಬೇಕೆಂದು ನಮ್ಮ ನಿಮ್ಮಂಥವರನ್ನು ಬಿಟ್ಟು ಯಾರಿಗೂ ಗೊತ್ತಿರುವುದಿಲ್ಲ. "ಈ ಜಲಾಶಯದ ವಿವರ ನೋಡಿ" ಎಂಬ ಕಾಣುವ ಗುಂಡಿಯೊಂದಕ್ಕೆ ಅದೇ ಕ್ರಿಯೆಯನ್ನು ಜೋಡಿಸಿ. ನಿಮ್ಮ ಎರಡನೆಯ ಪುಟವನ್ನು ಯಾರೂ ತೆರೆಯದಿರುವುದಕ್ಕೆ ಅರ್ಧ ಕಾರಣ ಇದೇ ಇರಬಹುದು.

ಬುಕ್‌ಮಾರ್ಕ್, ಅಂದರೆ ಪುಟದ ಒಂದು ಸ್ಥಿತಿಯನ್ನು ಉಳಿಸಿಡುವ ಸೌಲಭ್ಯ ಬಳಸಿ "ಮಟ್ಟ / ಸಂಗ್ರಹ" ಎಂದು ಚಿತ್ರ ಬದಲಾಯಿಸುವ ಗುಂಡಿಗಳನ್ನು ಮಾಡುವುದಾದರೆ, ಆ ಬುಕ್‌ಮಾರ್ಕಿನ ಆಯ್ಕೆಗಳಲ್ಲಿ ಡೇಟಾ ಎಂಬ ಗುರುತನ್ನು ತೆಗೆಯುವುದನ್ನು ಮರೆಯಬೇಡಿ. ನಾನು ಮರೆತಿದ್ದೆ. ಬಳಸುವವರು ಭದ್ರಾ ಆರಿಸಿಕೊಂಡು ಗುಂಡಿ ಒತ್ತಿದರೆ, ನಾನು ಬುಕ್‌ಮಾರ್ಕ್ ಉಳಿಸಿದ ದಿನ ಆರಿಸಿದ್ದ ಹೇಮಾವತಿ ಬಂದು ಕೂರುತ್ತಿತ್ತು. ಒಂದು ತಿಂಗಳು ಯಾರೂ ದೂರಲಿಲ್ಲ, ಎರಡರ ಅಂಕಿಗಳೂ ನಂಬುವಂತೆಯೇ ಇದ್ದವು!

ಇನ್ನೊಂದು, ಹಂಚಿದ ವರದಿಯಲ್ಲಿ ಪ್ರತಿಯೊಬ್ಬರು ಕೊನೆಗೆ ಬಿಟ್ಟುಹೋದ ಸೋಸುವಿಕೆ ಅವರ ಖಾತೆಯಲ್ಲಿ ಹಾಗೆಯೇ ಉಳಿಯುತ್ತದೆ. ಜುಲೈನಲ್ಲಿ ಕಬಿನಿ ಆರಿಸಿ ಮುಚ್ಚಿದವರು ಆಗಸ್ಟಿನಲ್ಲಿ ತೆರೆದಾಗ ಅದೇ ಕಬಿನಿಯನ್ನು ಕಂಡು, ಇಡೀ ರಾಜ್ಯದ ಚಿತ್ರ ಎಂದು ತಿಳಿಯುವ ಅಪಾಯವಿದೆ. ಯಾವ ಜಲಾಶಯ ಆಯ್ಕೆಯಾಗಿದೆ ಎಂಬುದನ್ನು ಶೀರ್ಷಿಕೆಯಲ್ಲೇ ಬದಲಾಗುವಂತೆ ಬರೆಯಿರಿ, ಪಕ್ಕದಲ್ಲಿ "ಮೊದಲಿನಂತೆ" ಎಂಬ ಗುಂಡಿ ಇಡಿ.

ಆಕರ್ಷಣೆಯ ಬಗ್ಗೆ ಹೇಳುವುದಾದರೆ, ನನ್ನ ಅನುಭವದಲ್ಲಿ ಬಣ್ಣಕ್ಕಿಂತಲೂ ಹೆಚ್ಚು ಜನರನ್ನು ನಿಲ್ಲಿಸುವುದು ಗೆರೆಯ ಮೇಲೆ ಬರೆದ ಒಂದು ಸಾಲು. ತುಂಗಭದ್ರಾ ಜಲಾಶಯದ 2024ರ ಗೆರೆಯನ್ನು ನೋಡಿ. ಆಗಸ್ಟ್ ಹತ್ತರ ತನಕ ತುಂಬಿ ನಿಂತದ್ದು ಅಲ್ಲಿಂದ ಥಟ್ಟನೆ ಕೆಳಗಿಳಿಯುತ್ತದೆ. ಆ ರಾತ್ರಿ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋಗಿ, ತಾತ್ಕಾಲಿಕ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ತುಂಡು ಗೇಟು ಕೂರಿಸಲು ನೀರು ಇಳಿಸಬೇಕಾಯಿತು ಎಂಬ ಟಿಪ್ಪಣಿ ಇಲ್ಲದಿದ್ದರೆ ಹೊರಗಿನವರು ಅದನ್ನು ದತ್ತಾಂಶದ ದೋಷ ಎಂದೇ ಭಾವಿಸುತ್ತಾರೆ. ಹಾಗೆಯೇ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದದ್ದು 2022ರಲ್ಲಿ. ಇಂಥ ಹತ್ತು ಹನ್ನೆರಡು ಘಟನೆಗಳ ಒಂದು ಸಣ್ಣ ಕೋಷ್ಟಕ ಮಾಡಿ, ತಾರೀಖಿನ ಮೂಲಕ ಜೋಡಿಸಿ, ಟೂಲ್‌ಟಿಪ್ ಪುಟದಲ್ಲಿ, ಅಂದರೆ ಮೌಸನ್ನು ಮೇಲೆ ತಂದಾಗ ಮೂಡುವ ಪುಟ್ಟ ಪೆಟ್ಟಿಗೆಯಲ್ಲಿ ತೋರಿಸಿ. ಟೂಲ್‌ಟಿಪ್‌ಗೆಂದೇ ಸಣ್ಣ ಪುಟವೊಂದನ್ನು ವಿನ್ಯಾಸ ಮಾಡಬಹುದು, ಅದರೊಳಗೆ ಆ ವಾರದ ಒಳಹರಿವಿನ ಪುಟ್ಟ ಚಿತ್ರವನ್ನೂ ಕೂರಿಸಬಹುದು.

ನಕ್ಷೆ ಹಾಕುವ ಯೋಚನೆಯಿದ್ದರೆ ಜಿಲ್ಲೆಗಳ ಗಡಿಯ ಕಡತ ಹಳೆಯದೇ ಎಂದು ನೋಡಿಕೊಳ್ಳಿ. 2021ಕ್ಕೆ ಮುಂಚಿನ ಕಡತಗಳಲ್ಲಿ ಮೂವತ್ತೇ ಜಿಲ್ಲೆಗಳಿರುತ್ತವೆ, ಹೊಸಪೇಟೆ ಇನ್ನೂ ಬಳ್ಳಾರಿಯಲ್ಲೇ ಇರುತ್ತದೆ. ವಿಜಯನಗರದವರು ಅದನ್ನು ಕಂಡರೆ ಉಳಿದ ಅಂಕಿಗಳನ್ನೂ ನಂಬುವುದಿಲ್ಲ. ಊರಿನವಳಾಗಿ ಹೇಳುತ್ತಿದ್ದೇನೆ.

ಉತ್ತರ 3: ಸುಮ್ಮನೆ ಓದುಗ

ಮೇಲಿನ ಇಬ್ಬರೂ ಬಹಳ ಉಪಯುಕ್ತವಾದ ಮಾತುಗಳನ್ನು ಹೇಳಿದ್ದಾರೆ. ಆದರೂ ನನ್ನದೊಂದು ತಕರಾರಿದೆ. ನೋಡುವವರು ಮುಟ್ಟಲೇಬೇಕು ಎಂದು ನಾವೇಕೆ ಹಟ ಹಿಡಿಯಬೇಕು? ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಚಿತ್ರ ವಿಭಾಗದ ಆರ್ಚಿ ತ್ಸೆ 2016ರ ಒಂದು ಉಪನ್ಯಾಸದಲ್ಲಿ, ಓದುಗರು ಸ್ಕ್ರೋಲ್ ಮಾಡುವುದಷ್ಟೇ ಹೆಚ್ಚು, ಗುಂಡಿಯ ಹಿಂದೆ ಬಚ್ಚಿಟ್ಟದ್ದನ್ನು ಬಹುತೇಕರು ನೋಡುವುದೇ ಇಲ್ಲ ಎಂಬ ಅರ್ಥದ ಮಾತು ಹೇಳಿದ್ದರು. ಸಂವಾದಾತ್ಮಕ ಚಿತ್ರಗಳಿಗೆ ಹೆಸರಾದ ಪತ್ರಿಕೆಯವರೇ ಹಾಗೆ ಹೇಳಿದ್ದು ಯೋಚಿಸಬೇಕಾದ ಸಂಗತಿ.

ನೀರಗಂಟಿಯವರ ಓದುಗರು ಗದ್ದೆಯ ಬದುವಿನ ಮೇಲೆ ನಿಂತು ಮೊಬೈಲ್ ನೋಡುವವರು. ಅಲ್ಲಿ ಮೌಸ್ ಇಲ್ಲ, ಆದ್ದರಿಂದ ಮೌಸನ್ನು ಮೇಲೆ ತಂದಾಗ ಕಾಣುವ ಯಾವುದೂ ಸುಲಭಕ್ಕೆ ಕಾಣುವುದಿಲ್ಲ. ಬಿಸಿಲಿನಲ್ಲಿ ತೆಳು ಬೂದು ಗೆರೆಗಳೂ ಕಾಣುವುದಿಲ್ಲ. ಮುಖ್ಯ ಉತ್ತರ ಯಾವುದನ್ನೂ ಒತ್ತದೆ ಸಿಗಬೇಕು. ಪುಟದ ತಲೆಯಲ್ಲೇ, ಅಂಕಿಗಳಿಂದ ತಾನಾಗಿ ರೂಪುಗೊಳ್ಳುವ ಒಂದು ಕನ್ನಡ ವಾಕ್ಯವನ್ನು ಇಡಿ: "ಕೆಆರ್‌ಎಸ್‌ನಲ್ಲಿ ಇಂದು ಇಷ್ಟು ಟಿಎಂಸಿ ಇದೆ, ನಿನ್ನೆಗಿಂತ ಇಷ್ಟು ಹೆಚ್ಚು, ಕಳೆದ ವರ್ಷ ಇದೇ ದಿನಕ್ಕಿಂತ ಇಷ್ಟು ಕಡಿಮೆ." ಮೊಬೈಲ್ ವಿನ್ಯಾಸವನ್ನು ಬೇರೆಯಾಗಿಯೇ ಮಾಡಿ, ಅದರಲ್ಲಿ ಮೂರೇ ಮೂರು ಅಂಶ ಇರಲಿ. ಸ್ಲೈಡರ್ ಕೆಳಗೆ ಇರಲಿ, ಬೇಕಾದವರು ಇಳಿದು ಹೋಗಲಿ.

ಬಣ್ಣದ ಬಗ್ಗೆಯೂ ಒಂದು ಮಾತು ಹೇಳಬೇಕು. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕಾಣದವರು, ಅದರಲ್ಲೂ ಗಂಡಸರಲ್ಲಿ, ನಾವು ಎಣಿಸಿದ್ದಕ್ಕಿಂತ ಹೆಚ್ಚಿದ್ದಾರೆ. ಅದಕ್ಕಿಂತಲೂ ದೊಡ್ಡ ಗೊಂದಲವೆಂದರೆ, ಇಲ್ಲಿ ಕೆಂಪು ಎಂದರೆ ಏನು? ನಾಲೆಯ ಕೊನೆಯಂಚಿನ ರೈತನಿಗೆ ಖಾಲಿ ಜಲಾಶಯ ಅಪಾಯ. ಅಣೆಕಟ್ಟೆಯ ಕೆಳಗೆ ನದಿ ದಂಡೆಯಲ್ಲಿ ಪಂಪ್‌ಸೆಟ್ ಇಟ್ಟವನಿಗೆ ತುಂಬಿದ ಜಲಾಶಯ ಅಪಾಯ. 2019ರ ಆಗಸ್ಟಿನಲ್ಲಿ ಕೃಷ್ಣಾ ತೀರದವರಿಗೆ ಹಸಿರು ಗೇಜ್ ತೋರಿಸಿದ್ದರೆ ನಿಮ್ಮನ್ನು ಅಟ್ಟಿಸಿಕೊಂಡು ಬರುತ್ತಿದ್ದರು. ನೀರಿಗೆ ನೀಲಿಯೊಂದೇ ಸಾಕು, ಹೆಚ್ಚಾದಷ್ಟೂ ಗಾಢವಾಗಲಿ, ಒಳ್ಳೆಯದೋ ಕೆಟ್ಟದ್ದೋ ಎಂಬ ತೀರ್ಪು ಓದುವವರದ್ದಾಗಲಿ.

ಮತ್ತೆ, ಅಕ್ಷರಗಳು. ಹೆಸರುಗಳನ್ನು ಕನ್ನಡದಲ್ಲಿ ಬರೆದಿದ್ದರೆ ಸಾಲಿನ ಎತ್ತರವನ್ನು ಸ್ವಲ್ಪ ಹೆಚ್ಚಿಸಿ. ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ ಬಿಗಿಯಾಗಿ ಕೂರಿಸಿದ ಜಾಗದಲ್ಲಿ "ಲಿಂಗನಮಕ್ಕಿ", "ಆಲಮಟ್ಟಿ" ಎಂಬ ಹೆಸರುಗಳ ಒತ್ತಕ್ಷರದ ಬಾಲ ಕತ್ತರಿಸಿಹೋಗುತ್ತದೆ. ಕ್ಯುಸೆಕ್ ಅಂಕಿಗಳನ್ನು 1,25,000 ಎಂದು ನಮ್ಮ ಲಕ್ಷದ ಕ್ರಮದಲ್ಲಿ ತೋರಿಸಿ. ತಂತ್ರಾಂಶ ತಾನಾಗಿ ಕೊಡುವ 125ಕೆ ಎಂಬುದು ಹಳ್ಳಿಯ ಮಾತಂತೂ ಅಲ್ಲ.

ಪ್ರಶ್ನೆ ಕೇಳಿದವರಿಂದ: ನೀರಗಂಟಿ

ಮೂವರಿಗೂ ಕೃತಜ್ಞತೆಗಳು. ಮೂರು ವಾರದ ನಂತರ ಬರೆಯುತ್ತಿದ್ದೇನೆ, ತಡವಾದದ್ದಕ್ಕೆ ಕ್ಷಮೆಯಿರಲಿ.

ಗೇಜ್‌ಗಳನ್ನು ತೆಗೆದೆ. ಕಬಿನಿಯ ಮುಳ್ಳು ಮೊದಲಿನಿಂದಲೂ ಒಂದೇ ಕಡೆ ನಿಂತಿತ್ತು ಎಂಬುದನ್ನು ಅಂಕಿಗನ್ನಡಿಯವರು ಹೇಳಿದ ಮೇಲೆಯೇ ಗಮನಿಸಿದೆ, ನಾಚಿಕೆಯಾಯಿತು. ಅಡ್ಡಪಟ್ಟಿ, ನೀರಿನ ವರ್ಷದ ರೇಖಾಚಿತ್ರ, ತಲೆಯ ಮೇಲೊಂದು ವಾಕ್ಯ, ಕೆಳಗೆ ಸ್ಲೈಡರ್, ಇಷ್ಟೇ ಈಗ ಇರುವುದು. ಐದು ಸ್ಲೈಸರ್‌ಗಳಲ್ಲಿ ಕಣಿವೆ ಒಂದನ್ನು ಮಾತ್ರ ಉಳಿಸಿದ್ದೇನೆ, ಏಕೆಂದರೆ ಗಂಗಾವತಿಯವರಿಗೆ ಕಾವೇರಿ ಬೇಡ, ಮಂಡ್ಯದವರಿಗೆ ಕೃಷ್ಣೆ ಬೇಡ.

ವಾಕ್ಯ ಹಾಕಿದ ಮೇಲೆ ಬೆಳಗಿನ ಫೋನ್ ಕರೆ ಕಡಿಮೆಯಾಯಿತು. ಈಗ ಆ ವಾಕ್ಯದ ಚಿತ್ರವನ್ನೇ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಂಚಿಕೊಳ್ಳುತ್ತಿದ್ದಾರೆ. ಸ್ಲೈಡರ್ ಮಾತ್ರ ನಾನು ನಿರೀಕ್ಷಿಸದಷ್ಟು ಓಡಿತು. ಕಳೆದ ಸಭೆಯಲ್ಲಿ ಹಿರಿಯ ನಿರ್ದೇಶಕರೊಬ್ಬರು ನನ್ನ ಕೈಯಿಂದ ಮೌಸ್ ತೆಗೆದುಕೊಂಡು ಅದನ್ನು ಬಲತುದಿಗೆ, ಅಂದರೆ ಒಂದು ಲಕ್ಷ ಕ್ಯುಸೆಕ್‌ಗೆ ಎಳೆದು, "ನಾಡಿದ್ದು ತುಂಬ್ತದೆ, ಬೀಜ ತರಿಸ್ಬಿಡ್ರಿ" ಎಂದರು. ಎಲ್ಲರೂ ನಕ್ಕರು, ಆದರೆ ನನಗೆ ಭಯವಾಯಿತು. ಅಂದೇ ಸಂಜೆ ಸ್ಲೈಡರಿನ ಬಲತುದಿಯನ್ನು ಒಂದು ಲಕ್ಷದಿಂದ ಇಳಿಸಿ, ಹತ್ತು ವರ್ಷಗಳ ದತ್ತಾಂಶದಲ್ಲಿ ಸತತ ಏಳು ದಿನ ನಿಂತಿರುವ ಅತಿ ಹೆಚ್ಚಿನ ನಿವ್ವಳ ಒಳಹರಿವಿಗೆ ಕಟ್ಟಿಹಾಕಿದೆ. "ಒಳಹರಿವು ಇದೇ ಪ್ರಮಾಣದಲ್ಲಿ ಮುಂದುವರಿದರೆ ಮಾತ್ರ" ಎಂಬ ಸಾಲನ್ನು ದಿನಗಳ ಸಂಖ್ಯೆಗಿಂತ ದೊಡ್ಡ ಅಕ್ಷರದಲ್ಲಿ ಬರೆದೆ.

ಒಂದು ತೊಂದರೆ ಉಳಿದಿದೆ. ನನ್ನ ಸಂಗ್ರಹದಲ್ಲಿ ಕೆಲವು ದಿನಗಳ ಅಂಕಿ ಇಲ್ಲ. ಆ ದಿನಗಳಲ್ಲಿ ರೇಖೆ ಸೊನ್ನೆಗೆ ಬಿದ್ದು ಮತ್ತೆ ಏಳುತ್ತದೆ, ಅಣೆಕಟ್ಟೆ ಒಡೆದಂತೆ ಕಾಣುತ್ತದೆ. ಏನು ಮಾಡಲಿ?

ಉತ್ತರ 4: ತುಂಗಾತೀರ

ನಿಮ್ಮ ಮೆಷರ್‌ನ, ಅಂದರೆ ಲೆಕ್ಕದ ಸೂತ್ರದ ಕೊನೆಯಲ್ಲಿ ಸೊನ್ನೆ ಕೂಡಿಸಿದ್ದೀರಾ ನೋಡಿ. ಒಂದೇ ಅಂಕಿ ತೋರಿಸುವ ಕಾರ್ಡಿನಲ್ಲಿ ಖಾಲಿ ಎಂದು ಕಾಣಬಾರದು ಅಂತ ಬಹಳ ಜನ ಹಾಗೆ ಬರೆಯುತ್ತಾರೆ, ಅದೇ ಖಾಲಿಯನ್ನು ಸೊನ್ನೆಯಾಗಿಸುತ್ತದೆ. ರೇಖಾಚಿತ್ರಕ್ಕೆ ಆ ಸೊನ್ನೆ ಇಲ್ಲದ ಬೇರೆ ಮೆಷರ್ ಬರೆಯಿರಿ. ಅಂಕಿ ಸಿಗದ ದಿನಗಳನ್ನು ನೀವೇ ಅಂದಾಜು ಮಾಡಿ ತುಂಬಬೇಡಿ. "ಈ ದಿನದ ಮಾಹಿತಿ ಇಲ್ಲ" ಎಂದು ಟೂಲ್‌ಟಿಪ್‌ನಲ್ಲಿ ಬರಲಿ.